ಬ್ಯಾಗಕ್ಕನ ನೀಲಿ ಗುರುತು

ಬೆನ್ನ ಮೇಲಿನ ಚೌಕದ ಚೀಲ ಅವಳಿಗಿಂತ ಅಗಲವಾಗಿತ್ತು. ಹಿಂದಿನಿಂದ ನೋಡಿದವರಿಗೆ ಚೀಲವೇ ಸ್ಕೂಟರ್ ಓಡಿಸಿಕೊಂಡು ಹೋಗುತ್ತಿದೆ ಅನ್ನಿಸುತ್ತಿತ್ತು. ಅದಕ್ಕೇ ಆ ಬೀದಿಯವರು ಅವಳಿಗೆ ಬ್ಯಾಗಕ್ಕ ಎಂದು ಹೆಸರಿಟ್ಟಿದ್ದರು. ಆ ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ, ಒಮ್ಮೆ ಮಗಳ ಶಾಲೆಯಿಂದ ಫೋನ್ ಬಂದು "ಯಾರು ಮಾತಾಡೋದು?" ಎಂದಾಗ ತಾನೇ "ಬ್ಯಾಗಕ್ಕ" ಎಂದುಬಿಟ್ಟು ನಾಲಗೆ ಕಚ್ಚಿಕೊಂಡಿದ್ದಳು.

ಮನೆ ಮನೆಗೆ ಔಷಧಿ ಮುಟ್ಟಿಸುವುದು ಅವಳ ಕೆಲಸ. ನಕಲಿ ಔಷಧಿಯ ಕಾಟ ಹೆಚ್ಚಿದ ಮೇಲೆ ಕಂಪನಿಯವರು ಪ್ರತಿ ಡಬ್ಬಿಗೂ ಒಂದು ಚೀಟಿ ಅಂಟಿಸತೊಡಗಿದರು. ಚೀಟಿಯ ಮೇಲಿನ ಬೆಳ್ಳಿ ಬಣ್ಣವನ್ನು ನಾಣ್ಯದಿಂದ ಕೆರೆದರೆ ಅಡಿಯಲ್ಲಿ ಒಂದು ಕೋಡ್. ಫೋನಿಗೆ ತೋರಿಸಿದಾಗ ಹಸಿರು ಬಂದರೆ ಅಸಲಿ. ಆದರೆ ಒಂದು ಕೋಡಿಗೆ ಹಸಿರು ಬರುವುದು ಒಂದೇ ಸಲ. ಮತ್ತೆ ತೋರಿಸಿದರೆ ಕೆಂಪು: 'ಈ ಕೋಡ್ ಈಗಾಗಲೇ ಪರೀಕ್ಷೆಯಾಗಿದೆ, ಔಷಧಿ ಬಳಸಬೇಡಿ.' ನಕಲಿ ಮಾಡುವವರು ಒಂದೇ ಕೋಡನ್ನು ರಾಶಿ ರಾಶಿ ಡಬ್ಬಿಗಳ ಮೇಲೆ ಅಚ್ಚು ಹಾಕುವುದರಿಂದ ಈ ಉಪಾಯ. ಕೆರೆಯಬೇಕಾದವರು ಔಷಧಿ ತರಿಸಿಕೊಂಡವರು. ಬಾಗಿಲಲ್ಲೇ ನಿಂತು, ತಮ್ಮ ಕೈಯಾರೆ, ತಮ್ಮದೇ ಫೋನಿನಲ್ಲಿ ನೋಡಬೇಕು. ಇದು ನಿಯಮ.

ನಿಯಮ ಮಾಡಿದವರು ಆ ಬೀದಿಯ ಮೆಟ್ಟಿಲು ಹತ್ತಿದವರಲ್ಲ. ಹಳೆಯ ಕಟ್ಟಡಗಳ ಮೊಳ ದಪ್ಪದ ಗೋಡೆಯೊಳಗೆ ಕಾಲಿಟ್ಟರೆ ಫೋನಿನ ಸಿಗ್ನಲ್ ಸತ್ತೇ ಹೋಗುತ್ತಿತ್ತು. ಒಳಗಿದ್ದವರಲ್ಲಿ ಅರ್ಧ ಜನರಿಗೆ ಕಣ್ಣು ಮಂಜು, ಉಳಿದವರ ಬಳಿ ಇದ್ದದ್ದು ಗುಂಡಿ ಒತ್ತುವ ಫೋನು. ಹಾಗಾಗಿ ಬ್ಯಾಗಕ್ಕ ತನ್ನದೇ ಒಂದು ಪದ್ಧತಿ ಮಾಡಿಕೊಂಡಳು. ಬೀದಿಯ ಮೂಲೆಯಲ್ಲಿ ಇಸ್ತ್ರಿ ಅಂಗಡಿಯ ಮುಂದೆ ಸಿಗ್ನಲ್ ಚೆನ್ನಾಗಿ ಸಿಗುತ್ತಿತ್ತು. ಅಲ್ಲೇ ಸ್ಕೂಟರ್ ನಿಲ್ಲಿಸಿ, ಡಬ್ಬಿಗಳನ್ನೆಲ್ಲ ಕೆರೆದು, ತನ್ನ ಫೋನಿನಲ್ಲೇ ನೋಡಿ, ಹಸಿರು ಬಂದದ್ದರ ಮೇಲೆ ನೀಲಿ ಪೆನ್ನಿನಿಂದ ಟಿಕ್ ಹಾಕುವಳು. ಆಮೇಲೆ ಮೆಟ್ಟಿಲು ಹತ್ತುವಳು.

"ಏನಮ್ಮಾ ತಂಗಿ, ಇವತ್ತೂ ಪರೀಕ್ಷೆ ಪೇಪರ್ ತಿದ್ದೋಕೆ ಕೂತ್ಯಾ?" ಎಂದು ಇಸ್ತ್ರಿಯಣ್ಣ ಕಾಲೆಳೆಯುತ್ತಿದ್ದ. "ನನ್ನ ಅಂಗಿಗಳಿಗೂ ಒಂದೊಂದು ಟಿಕ್ ಹಾಕು, ಗಿರಾಕಿಗಳು ತಕರಾರು ಮಾಡೋದಾದ್ರೂ ತಪ್ಪುತ್ತೆ."

"ನೀವು ಸುಟ್ಟ ಅಂಗಿಗೆ ನಾನು ಟಿಕ್ ಹಾಕಿದ್ರೆ ನನ್ನ ಹೆಸರೂ ಸುಡುತ್ತೆ ಅಣ್ಣ."

ಸಂಜೆ ಯಾರ ಮನೆಗಾದರೂ ಮಗನೋ ಮೊಮ್ಮಗಳೋ ಬಂದು, ಕುತೂಹಲಕ್ಕೆ ಡಬ್ಬಿಯನ್ನು ಫೋನಿಗೆ ತೋರಿಸಿದರೆ ಕೆಂಪು ಬರುತ್ತಿತ್ತು. ಗಾಬರಿಯಿಂದ ಫೋನ್ ಮಾಡುತ್ತಿದ್ದರು. "ಅದು ನಾನೇ ಮೊದಲು ನೋಡಿದ್ದಕ್ಕೆ ಬಂದಿರೋದು. ನೀಲಿ ಟಿಕ್ ಇದೆಯಲ್ಲ? ಹೆದರಬೇಡಿ, ನುಂಗಿ" ಎನ್ನುವಳು. ಬರಬರುತ್ತಾ ಯಾರೂ ಫೋನ್ ಮಾಡುವುದನ್ನೇ ಬಿಟ್ಟರು. ಕೆಂಪು ಬಂದರೆ ಬ್ಯಾಗಕ್ಕ ನೋಡಿದ್ದಾಳೆ ಎಂದರ್ಥ.

ಆ ಸೋಮವಾರ ಚೀಲದಲ್ಲಿ ಟೈಲರಮ್ಮನ ಮಾತ್ರೆಯೂ ಇತ್ತು. ಟೈಲರಮ್ಮ ಮೂರನೇ ಮಹಡಿಯಲ್ಲಿ ಒಬ್ಬಳೇ ಇದ್ದು ಹೊಲಿಗೆ ಮಾಡುವಾಕೆ. ಚಿಕ್ಕಂದಿನಿಂದ ಫಿಟ್ಸ್ ಇತ್ತು. ಮಾತ್ರೆಯ ಮೇಲೆ ನಿಂತ ಆರೋಗ್ಯ. ಒಂದು ಹೊತ್ತೂ ತಪ್ಪಿಸದೆ ನುಂಗಿ ನುಂಗಿ, ವರ್ಷಗಳಿಂದ ಒಮ್ಮೆಯೂ ಬಿದ್ದಿರಲಿಲ್ಲ. ಬ್ಯಾಗಕ್ಕ ಅವಳ ಡಬ್ಬಿ ಕೆರೆದು ಫೋನ್ ಹಿಡಿದಾಗ ಪರದೆಯ ಮೇಲಿನ ಉಂಗುರ ತಿರುಗಿ ತಿರುಗಿ ನಿಂತುಹೋಯಿತು. ಫೋನ್ ಆರಿಸಿ ಹಚ್ಚಿ ಮತ್ತೆ ತೋರಿಸಿದಳು. ಕೆಂಪು ಬಂತು.

ಮೊದಲನೇ ಸಲದ್ದು ಹೋಗಿಬಿಟ್ಟಿದೆ, ಇದು ಎರಡನೆಯದು ಅಂದುಕೊಂಡಳು. ಹಾಗೆ ಅಂದುಕೊಳ್ಳುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಟಿಕ್ ಹಾಕಿ ಮೇಲೆ ಕೊಂಡೊಯ್ದಳು. ಟೈಲರಮ್ಮ ಬ್ಯಾಗಕ್ಕನ ಮಗಳ ಫ್ರಾಕಿನ ಬಟ್ಟೆ ಕತ್ತರಿಸುತ್ತಿದ್ದಳು. "ನಿನ್ನ ಮಗಳು ಬಿದಿರು ಬೆಳೆದ ಹಾಗೆ ಬೆಳೀತಾಳೆ ಕಣೇ, ಒಂದಿಂಚು ಮಡಿಕೆ ಜಾಸ್ತಿ ಬಿಟ್ಟಿದ್ದೀನಿ" ಎಂದಳು.

ಗುರುವಾರ ಗೋಡೌನಿನಲ್ಲಿ ಸೂಪರ್‌ವೈಸರ್ ಎಲ್ಲರನ್ನೂ ಕರೆದು ನಿಲ್ಲಿಸಿದ. ಫಿಟ್ಸ್ ಮಾತ್ರೆಯಲ್ಲಿ ನಕಲಿ ಡಬ್ಬಿಗಳು ನುಸುಳಿದ್ದವು. ಬೇರೆ ಊರಿನಲ್ಲಿ ಮಾರಾಟವಾದ ಅಸಲಿ ಡಬ್ಬಿಯ ಕೋಡನ್ನೇ ಕದ್ದು ಅಚ್ಚು ಹಾಕಿದ್ದರು. "ಮೊದಲ ಸಲಕ್ಕೇ ಕೆಂಪು ಬಂದಿದ್ದು ಯಾರಿಗಾದ್ರೂ ಇದೆಯಾ?" ಎಂದು ಕೇಳಿದ.

ಬ್ಯಾಗಕ್ಕ ಪಕ್ಕಕ್ಕೆ ಸರಿದು ಫೋನಿನಲ್ಲಿ ಒಂದು ವಾರ ಮಾತ್ರ ಉಳಿಯುವ ಪರೀಕ್ಷೆಗಳ ಪಟ್ಟಿಯನ್ನು ತೆಗೆದು ನೋಡಿದಳು. ಸೋಮವಾರ ಆ ಕೋಡನ್ನು ನೋಡಿದ್ದು ಒಂದೇ ಸಲ ಎಂದಿತ್ತು. ಉಂಗುರ ತಿರುಗಿ ನಿಂತದ್ದು ಲೆಕ್ಕಕ್ಕೇ ಬಂದಿರಲಿಲ್ಲ. ಬಂದ ಕೆಂಪು, ಮೊದಲನೆಯದೇ ಆಗಿತ್ತು.

ಅದನ್ನು ಸೂಪರ್‌ವೈಸರಿಗೆ ತೋರಿಸಿ, ಸ್ಕೂಟರ್ ಹತ್ತಿ ನೇರ ಟೈಲರಮ್ಮನ ಮನೆಗೆ ಹೊರಟಳು.

ಟೈಲರಮ್ಮನ ಬಾಗಿಲು ತೆರೆದೇ ಇತ್ತು. ಅವಳು ಮಿಷಿನ್ನಿನ ಮುಂದೆ ಕೂತು, ಎಡಗೈ ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಮಿಷಿನ್ನಿನ ಮೇಲೆ ಅರ್ಧ ಹೊಲಿದ ಫ್ರಾಕು. ತೋಳಿನ ಹೊಲಿಗೆ ಎಳೆದ ಗೆರೆಯ ಹಾಗೆ ನೆಟ್ಟಗೆ ಬಂದು, ಇದ್ದಕ್ಕಿದ್ದಂತೆ ಬಟ್ಟೆಯ ನಡುವಿಗೆ ಹೊರಳಿ, ಒಂದು ಗೇಣು ದಿಕ್ಕೆಟ್ಟು ಅಲೆದಿತ್ತು.

"ಬಾರೇ. ನೋಡು, ಸೂಜಿ ಚುಚ್ಚಿಸ್ಕೊಂಡೆ, ಕಲಿಯೋ ಹುಡುಗಿ ಹಾಗೆ," ಎಂದು ಟೈಲರಮ್ಮ ನಗಲು ನೋಡಿದಳು. "ಅದೇನೋ, ಒಂದು ಗಳಿಗೆ ಎಲ್ಲಿದ್ದೆ ಅಂತಾನೇ ಗೊತ್ತಾಗಲಿಲ್ಲ. ನೆನ್ನೆಯೂ ಹೀಗೇ ಆಯ್ತು. ವಯಸ್ಸು, ಮತ್ತೇನು?"

"ವಯಸ್ಸಲ್ಲ ಟೈಲರಮ್ಮ. ಮಾತ್ರೆ ಎಲ್ಲಿ?"

ಮಾತ್ರೆಗಳನ್ನು ಹಾಳೆಯಿಂದ ಒಂದೊಂದಾಗಿ ಕತ್ತರಿಸಿ ಗುಂಡಿಯ ಡಬ್ಬದಲ್ಲಿ ಹಾಕಿಟ್ಟುಕೊಳ್ಳುವುದು ಟೈಲರಮ್ಮನ ರೂಢಿ. ಹಳೆಯವು ಹೊಸವು ಎಲ್ಲ ಬೆರೆತುಹೋಗಿದ್ದವು. ಯಾವುದು ಔಷಧಿ, ಯಾವುದು ಸುಣ್ಣದ ಪುಡಿ, ಹೇಳುವವರಿಲ್ಲ. ಖಾಲಿ ರಟ್ಟಿನ ಡಬ್ಬಿಯನ್ನು ಮಾತ್ರ ಅವಳು ಬಿಸಾಡಿರಲಿಲ್ಲ. ಅದಕ್ಕೆ ಸಾಲಾಗಿ ಸೂಜಿ ಚುಚ್ಚಿಟ್ಟಿದ್ದಳು. ಸೂಜಿಗಳ ನಡುವೆ ನೀಲಿ ಟಿಕ್.

ಬ್ಯಾಗಕ್ಕ ನೆಲದ ಮೇಲೆ ಕುಳಿತು ನಡೆದದ್ದೆಲ್ಲ ಹೇಳಿದಳು. ಕೆಂಪು ಬಂದದ್ದು, ತಾನೇ ಏನೋ ಅಂದುಕೊಂಡದ್ದು, ಟಿಕ್ ಹಾಕಿದ್ದು.  ಕೇಳಿ ಮುಗಿದ ಮೇಲೆ ಟೈಲರಮ್ಮ ಡಬ್ಬಿಯಿಂದ ಸೂಜಿಗಳನ್ನು ಒಂದೊಂದಾಗಿ ಕಿತ್ತು ಬಟ್ಟೆಯ ಚೂರಿಗೆ ಚುಚ್ಚತೊಡಗಿದಳು.

"ನನಗೆ ಆ ಕೋಡು ಪಾಡು ಗೊತ್ತಿಲ್ಲ ಕಣೇ," ಎಂದಳು ಕಡೆಗೆ. "ನಾನು ನಿನ್ನ ಟಿಕ್ ನೋಡಿ ನುಂಗಿದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಸ್ಕೂಟರಿನ ಹಿಂದೆ ಕೂರಿಸಲು ಧೈರ್ಯ ಸಾಲದೆ, ಬಾಡಿಗೆ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಅಲ್ಲಿಯೇ ಮಾತ್ರೆ ಕೊಡಿಸಿ, ರಾತ್ರಿ ಇಲ್ಲೇ ಇರಲಿ ಎಂದರು. ಟೈಲರಮ್ಮನ ತಂಗಿ ಬರುವವರೆಗೂ ಬ್ಯಾಗಕ್ಕ ಮಂಚದ ಪಕ್ಕ ಕೂತಿದ್ದಳು. 

ಮರುದಿನ ಸೂಪರ್‌ವೈಸರ್ ಅವಳನ್ನು ಪಕ್ಕಕ್ಕೆ ಕರೆದ. ಕೆಟ್ಟವನಲ್ಲ; ಅವಳು ಒಳ್ಳೆಯ ಕೆಲಸಗಾರ್ತಿ ಎಂದು ಬಲ್ಲವನು. "ನೋಡಕ್ಕ, ಆಯಮ್ಮನ ಹತ್ರ ಒಳ್ಳೆ ಫೋನಿಲ್ಲ, ನಿಮ್ಮ ಫೋನ್ ಇಸ್ಕೊಂಡು ಅವರೇ ನೋಡಿದ್ರು, ಕೆಂಪು ಬಂದಿದ್ದು ಹೇಳಲಿಲ್ಲ ಅಂತ ಕಂಪನಿಯ ವರದಿಯಲ್ಲಿ ಹಾಕಿಬಿಡಿ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ."

"ಕಚ್ಚಿಸಿಕೊಂಡೋಳು ಆಸ್ಪತ್ರೆಯಲ್ಲಿದ್ದಾಳಲ್ಲಪ್ಪ," ಎಂದಳು ಬ್ಯಾಗಕ್ಕ.

ಆದರೂ ಅವಳು ಥಟ್ಟನೆ ನಿಜ ಬರೆಯಲಿಲ್ಲ.  ಗಂಡ ಲಾರಿಯ ಮೇಲೆ ಊರೂರು ಅಲೆಯುವವನು, ಮನೆ ನಡೆಯುವುದು ಹೆಚ್ಚುಕಡಿಮೆ ಈ ಚೀಲದಿಂದ. ಟೈಲರಮ್ಮ ಒಬ್ಬಳ ಮಾತಾಗಿದ್ದರೆ ಏನು ಮಾಡುತ್ತಿದ್ದಳೋ ಅವಳಿಗೇ ಗೊತ್ತಿಲ್ಲ. ಸುಳ್ಳು ಬರೆಯದಂತೆ ತಡೆದದ್ದು ಬೇರೆ ಒಂದು ಯೋಚನೆ. ಹಿಂದೆ ಎಷ್ಟು ಸಲ ಫೋನ್ ನಿಂತುಹೋಗಿತ್ತು? ಎಷ್ಟು ಕೆಂಪುಗಳಿಗೆ ತಾನು ನೀಲಿ ಹಾಕಿದ್ದಳು? ನೆನಪಿಲ್ಲ. ಇದು ಬೇರೆಯವರ ತಪ್ಪು ಎಂದು ಬರೆದರೆ ಆ ಮನೆಗಳ ಡಬ್ಬಿಗಳನ್ನು ಯಾರೂ ತೆರೆದು ನೋಡುವುದಿಲ್ಲ. ಬರೆದಳು: 'ನಾನೇ ನೋಡಿದೆ. ಕೆಂಪು ಬಂತು. ಆದರೂ ಕೊಟ್ಟೆ. ಬೇರೆ ಮನೆಗಳಿಗೂ ಕೊಟ್ಟಿರಬಹುದು.'

ವಿಚಾರಣೆ ಮುಗಿಯುವ ತನಕ ಅವಳ ಕೆಲಸ ನಿಂತಿತು. ಮನೆಯಲ್ಲಿ ಅತ್ತೆ, "ನಿಜ ಹೇಳಿ ಕೆಟ್ಟವರಿಲ್ಲ ಅಂತಾರೆ, ಸರಿ. ಸ್ಕೂಟರಿಗೆ ಪೆಟ್ರೋಲ್ ಹಾಕ್ಸೋರು ಯಾರಮ್ಮ?" ಎಂದರು. ಬೈಗುಳವಲ್ಲ, ಕೇಳಬೇಕಾದ ಮಾತೇ. ಮಗಳು ಖಾಲಿ ಚೀಲದೊಳಗೆ ಹೊಕ್ಕು ಮುಚ್ಚಳ ಎಳೆದುಕೊಂಡು, "ಅಮ್ಮಾ, ನನ್ನನ್ನ ಯಾರ ಮನೆಗೆ ಕೊಡ್ತೀಯ?" ಎಂದು ಒಳಗಿನಿಂದ ಕೂಗಿದಳು.

"ಯಾರಿಗೂ ಕೊಡಲ್ಲ," ಎಂದು ಬ್ಯಾಗಕ್ಕ ಚೀಲದ ಸಮೇತ ಅವಳನ್ನು ಅಪ್ಪಿಕೊಂಡಳು.

ಕೆಲಸವಿಲ್ಲದಿದ್ದರೂ ಅವಳು ಬೀದಿಗೆ ಹೋದಳು. ಬಾಗಿಲು ಬಾಗಿಲು ತಟ್ಟಿ, "ನೀಲಿ ಗುರುತಿನ ಡಬ್ಬಿ ಇದ್ರೆ ಕಂಪನಿಗೆ ವಾಪಸ್ ಕೊಡಿ, ಬದಲಿ ಕೊಡ್ತಾರೆ. ಇನ್ಮೇಲೆ ಕೆಂಪು ಬಂದ್ರೆ ನುಂಗಬೇಡಿ" ಎಂದಳು. ಕೆಲವರು ತಲೆಯಾಡಿಸಿದರು. "ಅವತ್ತು ನುಂಗಿ ಅಂದೋಳು ನೀನೇ, ಇವತ್ತು ಬೇಡ ಅನ್ನೋಳೂ ನೀನೇ. ನಿನ್ನ ಯಾವ ಮಾತು ಅಸಲಿ?" ಎಂದು ಒಬ್ಬರು ಮುಖಕ್ಕೇ ಬಾಗಿಲು ಹಾಕಿದರು. ಇಸ್ತ್ರಿಯಣ್ಣ ಈ ಸಲ ಕಾಲೆಳೆಯಲಿಲ್ಲ. "ಹುಲಿ ಬಂತು ಹುಲಿ ಅಂತ ಸುಳ್ಳೇ ಕೂಗೋರನ್ನ ಕಂಡಿದ್ದೆ. ಹುಲಿ ಬಂದ್ರೂ ಬೆಕ್ಕು ಅಂದೋಳನ್ನ ನೋಡಿದ್ದು ಇದೇ ಮೊದಲು" ಎಂದು, ಕೂರಲು ಸ್ಟೂಲು ಸರಿಸಿಕೊಟ್ಟ.

ಮುಂದಿನ ವಾರ ಟೈಲರಮ್ಮನ ಹೊಸ ಡಬ್ಬಿ ತಂದವನು ಬೇರೆ. ಟೈಲರಮ್ಮ ತಂಗಿಯ ಫೋನ್ ಹಿಡಿದು, ಅವನ ಜೊತೆಗೇ ಗೋಡೆ ಹಿಡಿದು ಹಿಡಿದು ಮೂರು ಮಹಡಿ ಇಳಿದು ಇಸ್ತ್ರಿ ಅಂಗಡಿಯ ಮುಂದೆ ಬಂದಳು. ಬ್ಯಾಗಕ್ಕ ಅಲ್ಲೇ ಇದ್ದಳು. ಸಹಾಯಕ್ಕೆ ಮುಂದಾದ ಕೈಯನ್ನು ತಾನೇ ಹಿಂದಕ್ಕೆಳೆದು ಬೆನ್ನ ಹಿಂದೆ ಕಟ್ಟಿಕೊಂಡಳು. ಟೈಲರಮ್ಮ ನಾಣ್ಯ ಹಿಡಿದು ಕೆರೆದಳು. ಫೋನ್ ತಲೆಕೆಳಗು ಹಿಡಿದಳು, ತಿರುಗಿಸಿದಳು. ಉಂಗುರ ತಿರುಗಿತು. 

ಹಸಿರು.

"ನುಂಗಬಹುದಾ?" ಟೈಲರಮ್ಮ ಕೇಳಿದ್ದು ಹೊಸಬನನ್ನು. ಅವನು ಹೂಂ ಎಂದ ಮೇಲೂ ಪರದೆಯನ್ನು ಇನ್ನೊಮ್ಮೆ ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಆಮೇಲೆ ಸೆರಗಿನಡಿಯಿಂದ ಒಂದು ಕಾಗದದ ಪೊಟ್ಟಣ ತೆಗೆದು ಬ್ಯಾಗಕ್ಕನ ಕೈಗಿಟ್ಟಳು. ಮಗಳ ಫ್ರಾಕು.

"ತೋಳು ಬಿಚ್ಚಿ ಮತ್ತೆ ಹೊಲಿದಿದ್ದೀನಿ. ಒಗೆದ್ರೆ ಸರಿಹೋಗಬಹುದು," ಎಂದು ಮೆಟ್ಟಿಲ ಕಡೆ ತಿರುಗಿದಳು.

ಬ್ಯಾಗಕ್ಕ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಹೊಸ ಹೊಲಿಗೆ ನೆಟ್ಟಗಿತ್ತು. ಹಳೆಯ ಸೂಜಿಯ ತೂತುಗಳು ಬಟ್ಟೆಯ ನಡುವಿಗೆ ಹೊರಳಿ, ಅಲೆದು, ನಿಂತಿದ್ದವು. ಮನೆಗೆ ಹೋಗಿ ಒಗೆದಳು. ಇನ್ನೊಮ್ಮೆ ಒಗೆದಳು. ತೂತುಗಳು ಹೋಗಲಿಲ್ಲ. ಮಗಳು ಅದನ್ನೇ ತೊಟ್ಟು ಕುಣಿಯುತ್ತಾ ಶಾಲೆಗೆ ಹೋದಳು.