ಒಳಗಿನ ಮೆಟ್ಟಿಲು, ಹೊರಗಿನ ಏಣಿ

ಬಿಸಿಲು ಬಿಟ್ಟಿ ಸಿಗುತ್ತದೆ ಎಂದು ಗೊತ್ತಾದದ್ದೇ ತಡ, ನಮ್ಮ ಕಡೆಯ ಜನ ಸೋಲಾರ್ ಪ್ಯಾನಲ್‌ಗಳನ್ನು ತಾರಸಿಗೆ ಏರಿಸಿ ಮರೆತೇಬಿಟ್ಟರು. ಹಸು ಕಟ್ಟಿದವರು ಅದರ ಮೈ ತೊಳೆಯುತ್ತಾರೆ, ಬೈಕು ಕೊಂಡವರು ಭಾನುವಾರ ಒರೆಸುತ್ತಾರೆ, ಪ್ಯಾನಲ್ಲು ಮಾತ್ರ ಯಾರ ಮನೆಯದೋ ಅನ್ನುವ ಹಾಗೆ ಬಿದ್ದಿರುತ್ತದೆ. ಮಂಡ್ಯದ ಒಂದು ಮನೆಯಲ್ಲಿ ಅದರ ಮೇಲೆ ಸೀರೆ ಹಾಸಿ ಸಂಡಿಗೆ ಒಣಗಿಸಿದ್ದರು. ಮದ್ದೂರಿನ ಇನ್ನೊಂದು ಮನೆಯಲ್ಲಿ ಪಾರಿವಾಳದ ಹಿಕ್ಕೆ ಬೆರಳುದ್ದ ಕೂತಿತ್ತು. ಆಮೇಲೆ ನನ್ನನ್ನು ಕರೆಸಿ, “ಮಾರ್ದೋರು ಟೋಪಿ ಆಕ್ಬುಟ್ರು ಕಣಪ್ಪ, ಕರೆಂಟೇ ಬರಕಿಲ್ಲ” ಅಂತ ರಾಗ ಎಳೆಯುತ್ತಾರೆ. ಟೋಪಿ ಹಾಕಿದವರು ನೀವೇ ಸ್ವಾಮಿ, ಸೂರ್ಯನಿಗೆ ಹಾಕಿದ್ದೀರಿ ಎಂದು ನಾಲಿಗೆಯ ತುದಿಗೆ ಬರುತ್ತದೆ. ನುಂಗಿಕೊಂಡು ಬ್ರಷ್ಷು ಬಿಚ್ಚುತ್ತೇನೆ.

ಪ್ಯಾನಲ್ ತೊಳೆಯುವುದು, ಸಡಿಲವಾದ ವೈರು ಬಿಗಿ ಮಾಡುವುದು ನನ್ನ ಕೆಲಸ. ಊರು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಬೈಕಿನ ಹಿಂದೆ ಎರಡು ಕ್ಯಾನು ನೀರು ಕಟ್ಟಿಕೊಂಡು, ಉದ್ದನೆಯ ಕೋಲಿನ ಬ್ರಷ್ಷನ್ನು ಹೆಗಲಿಗೆ ಸಿಕ್ಕಿಸಿಕೊಂಡು ಹೊರಟರೆ ಎದುರಿಗೆ ಸಿಕ್ಕವರು ನಗುತ್ತಾರೆ. “ನೀರ್ನೂ ಒತ್ಕಂಡ್ ಓಯ್ತೀಯಲ್ಲೋ, ಅವ್ರ ಮನೇಲಿ ನಲ್ಲಿ ಇಲ್ವಾ?” ಇದೆ, ಆದರೆ ಅದರಲ್ಲಿ ಬರುವುದು ಬೋರ್‌ವೆಲ್ ನೀರು, ಗಡಸು ನೀರು. ಗಾಜಿನ ಮೇಲೆ ಆರಿದರೆ ಸುಣ್ಣ ಬಳಿದ ಹಾಗೆ ಬಿಳಿ ಕಲೆ ಕೂರುತ್ತದೆ, ಧೂಳಾದರೂ ವಾಸಿ ಅನ್ನಿಸುತ್ತದೆ. ನಮ್ಮ ಕೇರಿಯ ನಲ್ಲಿಗೆ ಹೊಳೆ ನೀರು ಬರುತ್ತದೆ. ಮೆದು ನೀರು, ಆರಿದ ಮೇಲೆ ಗುರುತೇ ಉಳಿಯುವುದಿಲ್ಲ. ಅಮ್ಮ ಬೆಳಗಿನ ಜಾವ ಸರದಿಯಲ್ಲಿ ನಿಂತು ನನ್ನ ಕ್ಯಾನು ತುಂಬಿಸಿ ಇಡುತ್ತಾಳೆ.

ಆ ಮನೆಗೆ ಮೊದಲು ಹೋದದ್ದು ಎರಡು ವರ್ಷದ ಹಿಂದೆ. ಭಾರತೀನಗರದಿಂದ ಸ್ವಲ್ಪ ಒಳಗಿನ ಹಳ್ಳಿ, ಪಕ್ಕದ ಗದ್ದೆಯಲ್ಲಿ ಆಲೆಮನೆ. ಬೆಲ್ಲ ಕಾಯಿಸುವ ಒಲೆಯ ಹೊಗೆ ದಿನವಿಡೀ ತಾರಸಿಯ ಮೇಲೆ ಹಾದು, ಪ್ಯಾನಲ್‌ಗಳ ಮೇಲೆ ಕಪ್ಪು ಮಸಿ ಜಿಡ್ಡಿನಂತೆ ಅಂಟಿತ್ತು. ಬಾಗಿಲು ತೆಗೆದವರನ್ನು ನೋಡಿ ನನಗೆ ಸಂತೋಷವೇ ಆಯಿತು. ಮಿಡ್ಲ್ ಸ್ಕೂಲಿನಲ್ಲಿ ನನಗೆ ಸಮಾಜ ಪಾಠ ಮಾಡಿದ ಮೇಷ್ಟ್ರು ಅವರು, ಈಗ ನಿವೃತ್ತರು. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬ ಪಾಠ ಮಾಡಿದ್ದು ಅವರೇ. ಆ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ್ದಕ್ಕೆ ನನ್ನ ಬೆನ್ನು ತಟ್ಟಿದ್ದರು.

“ಯಾವೂರಪ್ಪ? ಯಾರ ಮಗ?” ಎಂದರು. ಹೇಳಿದೆ.

“ಓ, ನೀನಾ! ನಮ್ ಶಿಷ್ಯ!” ಎಂದು ಮುಖ ಅರಳಿಸಿದರು. ಆಲೆಮನೆ ಕಡೆಗೆ ಹೋಗುತ್ತಿದ್ದವರನ್ನು ನಿಲ್ಲಿಸಿ, “ನೋಡ್ರಪ್ಪ, ನನ್ ಸ್ಟೂಡೆಂಟು, ಎಂಥಾ ಕೆಲ್ಸ ಕಲ್ತವ್ನೆ” ಎಂದು ತೋರಿಸಿದರು. ನಾನು ಚಪ್ಪಲಿ ಬಿಡಲು ಬಗ್ಗಿದೆ. ಆಗ ಅವರ ಧ್ವನಿ ತಗ್ಗಿತು. “ಮೆಟ್ಲು ಒಳಗವೆ ಕಣಪ್ಪ, ದೇವ್ರ ಮನೆ ಮಗ್ಗುಲಲ್ಲೇ. ನೀನು ಇತ್ಲು ಕಡೆ ಬಾ, ಏಣಿ ಆಕ್ಕೊಡ್ತೀನಿ.”

ಹಿತ್ತಲಲ್ಲಿ ಗೋಡೆಗೆ ಒರಗಿದ್ದು ಬಿದಿರಿನ ಏಣಿ. ಎರಡು ಮೆಟ್ಟಿಲಿಗೆ ಹಗ್ಗ ಬಿಗಿದಿದ್ದರು. ಒಂದು ಕೈಯಲ್ಲಿ ಏಣಿ, ಇನ್ನೊಂದು ಕೈಯಲ್ಲಿ ತುಂಬಿದ ಕ್ಯಾನು, ಎರಡು ಸಲ ಹತ್ತಿ ಇಳಿದೆ. ಎರಡನೆಯ ಸಲ ಕಾಲು ಜಾರಿ ಮೊಣಕಾಲು ತರಚಿತು. ಅಷ್ಟಾದರೂ ಮಸಿಯನ್ನು ತಿಕ್ಕದೆ ನೆನೆಸಿ ನೆನೆಸಿ ತೆಗೆದು, ಕನ್ನಡಿ ಹಾಗೆ ಮಾಡಿ ಇಳಿದೆ. ಕೆಳಗೆ ಹಿತ್ತಲ ಕಟ್ಟೆಯ ಮೇಲೆ ಕಾಗದದ ಲೋಟದಲ್ಲಿ ಟೀ ಇಟ್ಟಿದ್ದರು. ಅಪ್ಪನ ಕಾಲದಲ್ಲಿ ಅವನಿಗೊಂದು ಬೇರೆ ಲೋಟ ಬೇಲಿಯ ಗೂಟಕ್ಕೆ ಬೋರಲು ಹಾಕಿರುತ್ತಿತ್ತು. ಅದರಲ್ಲಿ ಒಂದು ನಿಯತ್ತಾದರೂ ಇತ್ತು, ಬೇಲಿಯ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ಕಾಗದದ ಲೋಟವನ್ನು ಯಾರೂ ಏನೂ ಅನ್ನುವ ಹಾಗಿಲ್ಲ, ಕೇಳಿದರೆ ಸ್ವಚ್ಛತೆ ಅಂದುಬಿಡಬಹುದು.

ನಾನು ಒಂದು ಮಾತೂ ಆಡದೆ ಕುಡಿದು ಬಂದೆ. ಅದಕ್ಕೇ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು.

ಮೊಣಕಾಲಿಗೆ ಅರಿಶಿನ ಹಚ್ಚುತ್ತಾ ಅಮ್ಮ ವಿಷಯ ಕೆದಕಿದಳು. “ನಿಮ್ಮಪ್ಪ ಕಂಡೋರ್ ಇತ್ಲಲ್ಲಿ ನಿಂತ್ಕಂಡೇ ಆಯಸ್ಸು ಕಳ್ದ. ನಾವು ಬೌದ್ಧರಾಗಿದ್ದು ಯಾಕ್ಲಾ? ನೀನೂ ಏಣಿ ಅತ್ತಕೇನಾ?” ಎಂದಳು. ಅವತ್ತು ತೀರ್ಮಾನ ಮಾಡಿಬಿಟ್ಟೆ. ಆ ಮನೆಗೆ ಮತ್ತೆ ಹೋದರೆ ಒಳಗಿನ ಮೆಟ್ಟಿಲಲ್ಲೇ ಹತ್ತುವುದು, ಇಲ್ಲವಾದರೆ ಅವರ ಪ್ಯಾನಲ್ಲು ಮಸಿ ಹಿಡಿದು ಹಾಳಾಗಲಿ. ಬೇರೆ ಮನೆಗಳಲ್ಲೂ ಇದನ್ನೇ ಹೇಳತೊಡಗಿದೆ. ಕೆಲವರು ತಡಬಡಾಯಿಸಿ ಒಪ್ಪಿದರು. ಕೆಲವರು ಫೋನು ಇಟ್ಟರು.

ಮೇಷ್ಟ್ರು ಒಂದು ವರ್ಷ ಕರೆಯಲಿಲ್ಲ. ಕರೆದದ್ದು ಆಯುಧ ಪೂಜೆ ಕಳೆದು ಹತ್ತು ದಿನಕ್ಕೆ. “ಅರ್ಧಕ್ಕರ್ಧ ಕರೆಂಟು ಬಿದ್ದೋಗದೆ ಕಣಪ್ಪ, ಬಂದು ನೋಡು” ಎಂದರು. ಬೆಳಗ್ಗೆಯೇ ಹೋಗಿ ಮುಂಬಾಗಿಲಲ್ಲಿ ನಿಂತೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಬಾಯಿ ಬಿಟ್ಟಾಗ ಒಂದೇ ಸಾಲು ಬಂತು. “ಸಾರ್, ಮೆಟ್ಲಲ್ಲೇ ಅತ್ತೀನಿ. ಏಣಿ ಆಗಕಿಲ್ಲ.”

ಮೇಷ್ಟ್ರು ಬೀದಿಯ ಆ ತುದಿ ಈ ತುದಿ ನೋಡಿದರು. “ನಾನೇನು ಅಂಗೆಲ್ಲಾ ನೋಡೋನಲ್ಲ, ನಿಂಗೇ ಗೊತ್ತು. ಮನೇಲಿ ಎಂಗಸ್ರು ಮಡಿ ಗಿಡಿ ಅಂತಾರೆ. ಅವ್ರಿಗೆ ಬೇಜಾರಾಯ್ತದೆ ಅಂತ ಅಷ್ಟೇಯ.”

ಒಳಗಿನಿಂದ ಅವರ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದರು. “ನಾನ್ಯಾವತ್ರೀ ಬ್ಯಾಡ ಅಂದೆ?” ಎಂದರು, ನೇರವಾಗಿ ಗಂಡನಿಗೆ. “ಆ ಮುರ್ಕಲು ಏಣೀಲಿ ಮನುಸ್ರನ್ನ ಅತ್ತಿಸ್ಬ್ಯಾಡಿ ಅಂತ ಅವತ್ತೇ ಬಡ್ಕಂಡೆ. ನಿಮ್ಗೆ ಆಗ್ದಿದ್ರೆ ನಿಮ್ಗೆ ಆಗಕಿಲ್ಲ ಅನ್ನಿ. ನನ್ ಎಸ್ರು ಯಾಕೆ ಎಳೀತೀರಿ? ನೀನು ಬಾಪ್ಪ ಒಳೀಕೆ.”

ಮೇಷ್ಟ್ರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ನಾನು ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದೆ.

ಒಂದು ವರ್ಷ ಕಾಪಾಡಿಕೊಂಡಿದ್ದ ಮೆಟ್ಟಿಲಲ್ಲವೇ, ಏನಿರಬಹುದು ಎಂದು ನೋಡಿಕೊಂಡೇ ಹತ್ತಿದೆ. ಒಂದು ಬುಟ್ಟಿ ಈರುಳ್ಳಿ, ಹಳೆಯ ಪೇಪರಿನ ಕಟ್ಟು, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ಜೇಡರ ಬಲೆ. ದೇವರ ಮನೆ ಮೆಟ್ಟಿಲ ಬುಡದಲ್ಲೇ ಇತ್ತು, ಬಾಗಿಲು ಹಾಕಿತ್ತು. ಈ ಈರುಳ್ಳಿ ಬುಟ್ಟಿಯನ್ನು ನನ್ನಿಂದ ಕಾಯುವುದಕ್ಕೆ ನಾನು ಕಾಲು ಜಾರಿಸಿಕೊಂಡಿದ್ದೆ.

ತಾರಸಿಯ ಮೇಲೆ ಅದಕ್ಕಿಂತ ದೊಡ್ಡ ಅನಾಹುತ ಕಾದಿತ್ತು. ಒಂದೊಂದು ಪ್ಯಾನಲ್ಲಿಗೂ ವಿಭೂತಿಯ ಮೂರು ಪಟ್ಟೆ, ನಡುವೆ ಅಂಗೈಯಗಲ ಕುಂಕುಮ. ಪಟ್ಟೆಗಳ ಅಡಿಯಲ್ಲಿ ಗಾಜಿನ ತುಂಬ ಸುತ್ತಸುತ್ತ ಗೀರು.

“ಯಾರು ಸಾರ್ ಇದನ್ನ ಉಜ್ಜಿದ್ದು?”

“ನಾನೇ ಕಣಪ್ಪ. ಪೂಜೆಗೆ ಅಂತ ತೆಂಗಿನ ನಾರು, ಪಾತ್ರೆ ಪುಡಿ ಆಕಿ ಚೆನ್ನಾಗಿ ಬೆಳಗ್ದೆ. ಮಟಮಟ ಮಧ್ಯಾಹ್ನ, ಬೆವರು ಕಿತ್ಕಂಡ್ ಬಂತು. ಬೋರ್ ನೀರು ಬೇಕಾದಷ್ಟು ಸುರ್ದಿವ್ನಿ.”

ಮಾಡಬಾರದ್ದು ಎಂದು ನಾನು ಕಂಡಕಂಡವರಿಗೆಲ್ಲ ಹೇಳುವುದನ್ನು ಒಂದೂ ಬಿಡದೆ ಒಂದೇ ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದ್ದರು. ಬೇರೆ ಮನೆಗಳಲ್ಲಿ ನಾನು ಹೇಳಿದ್ದು ಕಿವಿಗೆ ಬಿದ್ದಿರಬೇಕು, ನನ್ನನ್ನು ಮೆಟ್ಟಿಲು ಹತ್ತಿಸಬೇಕಾದೀತು ಎಂಬ ಒಂದೇ ಭಯಕ್ಕೆ. “ಕೊಳೆ ಓಯ್ತದೆ ಸಾರ್, ಗೀರು ಓಗಕಿಲ್ಲ. ಇನ್ನು ಇದು ಮೊದಲಿನಂಗೆ ಆಗಕಿಲ್ಲ” ಎಂದೆ. ಅವರು ತಲೆ ತಗ್ಗಿಸಿಕೊಂಡು ಕೆಳಗಿಳಿದರು. ನಾನು ವಿಭೂತಿ ನೆನೆಸಿ ತೆಗೆದೆ, ಬಿಳಿ ಕಲೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಆದಷ್ಟು ಒರೆಸಿದೆ, ಸಡಿಲವಾಗಿದ್ದ ಎರಡು ನಟ್ಟು ಬಿಗಿ ಮಾಡಿದೆ. ಹಾಳು ಮಾಡಿದ್ದು ಅವರಾದರೂ ಕೆಲಸದಲ್ಲಿ ನಾನು ಸೇಡು ತೀರಿಸುವವನಲ್ಲ.

ಇಳಿದು ಬಂದಾಗ ಮೇಷ್ಟ್ರ ಹೆಂಡತಿ ಜಗಲಿಯ ಮೇಲೆ ಕೂರಿಸಿ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ತಾವೂ ಅಂಥದೇ ಲೋಟ ಹಿಡಿದು ಪಕ್ಕದಲ್ಲೇ ಕೂತು ಕುಡಿದರು. “ನಿಮ್ಮವ್ವ ಚೆನ್ನಾಗವ್ರಾ?” ಎಂದು ಕೇಳಿದರು. ನನ್ನ ಸಿಟ್ಟು ಅರ್ಧ ಇಳಿಯಿತು. ಲೋಟ ತೆಗೆದುಕೊಂಡು ಅವರು ಅಡಿಗೆ ಮನೆಗೆ ಹೋದರು. ನಾನು ಬೈಕಿಗೆ ಸಾಮಾನು ಕಟ್ಟತೊಡಗಿದೆ. ನೋಡಿದರೆ ಒಂದು ಕ್ಯಾನು ಇಲ್ಲ. ಅರ್ಧ ಉಳಿದಿದ್ದನ್ನು ಮೆಟ್ಟಿಲ ಮೇಲ್ತುದಿಯಲ್ಲೇ ಬಿಟ್ಟು ಬಂದಿದ್ದೆ. ಮುಂಬಾಗಿಲು ತೆರೆದೇ ಇತ್ತು, ಒಳಗೆ ಹೋದೆ.

ಮೇಷ್ಟ್ರು ಪಂಚೆ ಮೇಲೆ ಕಟ್ಟಿಕೊಂಡು, ಬಗ್ಗಿ, ನಾನು ಹತ್ತಿ ಇಳಿದ ಮೆಟ್ಟಿಲನ್ನು ಮೇಲಿನಿಂದ ಒಂದೊಂದಾಗಿ ತೊಳೆಯುತ್ತಿದ್ದರು. ಒಂದು ಕೈಯಲ್ಲಿ ತೆಂಗಿನ ಕಡ್ಡಿ ಪೊರಕೆ, ಇನ್ನೊಂದರಲ್ಲಿ ನನ್ನ ಕ್ಯಾನು. ಹೆಂಡತಿಗೆ ಗೊತ್ತಾಗುವ ಮೊದಲು ಮುಗಿಸುವ ಅವಸರದಲ್ಲಿ ಕೈಗೆ ಸಿಕ್ಕಿದ ನೀರನ್ನೇ ಸುರಿದಿದ್ದರು.

ನನ್ನನ್ನು ನೋಡಿ ಕೊನೆಯ ಮೆಟ್ಟಿಲಲ್ಲಿ ಹಾಗೇ ನಿಂತರು. ಪಾಠ ಒಪ್ಪಿಸುವವನ ಹಾಗೆ ಬಿಡಿಸಿ ಹೇಳಿದೆ.

“ಸಾರ್, ಅದು ನಮ್ ಕೇರಿ ನಲ್ಲಿ ನೀರು. ನಮ್ಮವ್ವ ಇಡ್ದಿದ್ದು.”

ಅವರು ಕೈಯಲ್ಲಿದ್ದ ಕ್ಯಾನನ್ನು ನೋಡಿದರು, ಆಮೇಲೆ ಕಾಲ ಬುಡವನ್ನು ನೋಡಿದರು. ನೀರು ಆಗಲೇ ದೇವರ ಮನೆಯ ಬಾಗಿಲ ಸಂದಿಯಿಂದ ಒಳಗೆ ಹರಿದಿತ್ತು.