ಏಲಕ್ಕಿ ವಾಸನೆಯ ಕೈ

ಪಾಯಸಕ್ಕೆಂದು ಏಲಕ್ಕಿ ಕುಟ್ಟುವಾಗಲೆಲ್ಲ ಒಂದು ಗಳಿಗೆ ಕೈ ನಿಲ್ಲಿಸಿ ನನ್ನ ಮೂಗನ್ನೇ ವಿಚಾರಣೆಗೆ ಕೂರಿಸುತ್ತೇನೆ. ಸಿಪ್ಪೆ ಬಿರಿದು ವಾಸನೆ ಎದ್ದದ್ದೇ ತಡ, ನನ್ನ ಹಣೆಯ ಮೇಲೆ ಒಂದು ಕೈ ಬಂದು ಕೂರುತ್ತದೆ. ಒರಟು ಬೆರಳಿನ, ತಣ್ಣನೆಯ ಕೈ. ಜ್ವರ ಬಂದು ಜಗಲಿಯಲ್ಲಿ ಮಲಗಿದ್ದೇನೆ, ಮಧ್ಯಾಹ್ನದ ಬಿಸಿಲು ಕಂಬದ ಬುಡದವರೆಗೂ ಬಂದಿದೆ, ಪಕ್ಕದಲ್ಲಿ ಕೂತವಳ ಮುಖ ಕಾಣದು, ಹಸಿರು ಬಳೆ ಮಾತ್ರ ಕಾಣುತ್ತದೆ. ಅದು ನನ್ನ ಅವ್ವನ ಕೈ. ನಾನು ಇನ್ನೂ ಸರಿಯಾಗಿ ಮಾತು ಕಲಿಯುತ್ತಿದ್ದಾಗಲೇ ಅವ್ವ ಹೆರಿಗೆಯಲ್ಲಿ ತೀರಿಹೋದಳು. ಮಡಿಕೇರಿಯಲ್ಲಿ ಬ್ರಿಟಿಷರ ಕಮಿಷನರ್ ದೊರೆ ಇದ್ದ ಕಾಲ ಅದು. ನಮ್ಮಂಥವರ ಮನೆಯಲ್ಲಿ ಫೋಟೋ ತೆಗೆಸುವವರು ಯಾರು? ಹಾಗಾಗಿ ಅವ್ವನದೆಂದು ನನಗೆ ಉಳಿದದ್ದು ಅದೊಂದು ಕೈ ಮಾತ್ರ. ನೀವೂ ಬಾಲ್ಯದಲ್ಲಿ ಯಾರನ್ನಾದರೂ ಕಳೆದುಕೊಂಡಿದ್ದರೆ, ಅಷ್ಟು ಚೂರನ್ನು ಎಷ್ಟು ಜೋಪಾನ ಮಾಡುತ್ತೇವೆಂದು ನಿಮಗೆ ಗೊತ್ತಿರುತ್ತದೆ.

ಶನಿವಾರಸಂತೆಯಿಂದ ಒಳಗೆ, ಗುಡ್ಡದ ಮಗ್ಗುಲಿಗೆ ನಮ್ಮ ಮನೆ. ಹಿತ್ತಲಾಚೆ ಏಲಕ್ಕಿ ಒಣಗಿಸುವ ಗೂಡು. ಏಲಕ್ಕಿ ಬೆಳೆಯುವ ನಮ್ಮ ಕಾಡು, ಅಂದರೆ ಮಲೆಯಿಂದ ಹಸಿ ಕಾಯಿ ಇಳಿಯಿತೆಂದರೆ ಗೂಡಿನ ಒಲೆಗೆ ಮರದ ಕುಂಟೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸುತ್ತಿದ್ದರು. ಉರಿ ಹೆಚ್ಚಾದರೆ ಕಾಯಿ ಒಡೆದುಹೋಗುತ್ತಿತ್ತು, ಕಡಿಮೆಯಾದರೆ ಬಣ್ಣ ಕೆಡುತ್ತಿತ್ತು. ಒಣಗಿದ ಮೇಲೆ ಹೆಂಗಸರು ಬಿಸಿ ಆರುವ ಮುಂಚೆ ಅದನ್ನು ಬಿದಿರು ತಟ್ಟಿಯ ಮೇಲೆ ಹಾಕಿ ಅಂಗೈಯಲ್ಲಿ ತಿಕ್ಕಿ ತೊಟ್ಟು ಬಿಡಿಸಬೇಕು. ಆ ದಿನಗಳಲ್ಲಿ ನಮ್ಮ ಮನೆಯ ರೊಟ್ಟಿಗೂ ಹಾಸಿಗೆಗೂ ಏಲಕ್ಕಿಯದೇ ವಾಸನೆ. ತಿಕ್ಕುವುದರಲ್ಲಿ ಚಿಕ್ಕವ್ವನ ಕೈ ಎಲ್ಲರಿಗಿಂತ ಮುಂದು. ಚಿಕ್ಕವ್ವ ಎಂದರೆ ನನ್ನ ಅವ್ವನ ಬೆನ್ನಿಗೆ ಹುಟ್ಟಿದ ತಂಗಿ ದೇವೀರಮ್ಮ. ತಾಯಿಯಿಲ್ಲದ ನನ್ನನ್ನು ನೋಡಿಕೊಳ್ಳಲು ಆಗುತ್ತದೆಂದು ಹಿರಿಯರು ಅವಳನ್ನೇ ಅಪ್ಪಯ್ಯನಿಗೆ ಮದುವೆ ಮಾಡಿಸಿದ್ದರು.

ನೆರೆಮನೆಯ ಹೆಂಗಸರು ನನ್ನ ಕಿವಿ ಕಚ್ಚಿದ್ದರು. ಮಲತಾಯಿ ಎಂದರೆ ಏನೆಂದು ಅವರಿಂದಲೇ ಕಲಿತೆ. ಅಂದಿನಿಂದ ನಾನು ಪುಟ್ಟ ಪೊಲೀಸಾದೆ. ನನ್ನ ರೊಟ್ಟಿಯನ್ನು ಚಿಕ್ಕವ್ವನಿಗೆ ಹುಟ್ಟಿದ ತಮ್ಮನ ರೊಟ್ಟಿಯ ಮೇಲಿಟ್ಟು ಅಳತೆ ನೋಡುತ್ತಿದ್ದೆ. ತಲೆಗೆ ಎಣ್ಣೆ ಹಚ್ಚುವಾಗ ಬೇಕೆಂದೇ ಜಡೆ ಎಳೆದಳೋ ಎಂದು ತಿರುಗಿ ನೋಡುತ್ತಿದ್ದೆ. ಸಿಟ್ಟು ಬಂದಾಗ ನನ್ನ ಕೊನೆಯ ಬಾಣ ಒಂದೇ: "ನಮ್ಮವ್ವನ ಕೈ ಘಮ ಅಂತಿತ್ತು. ನಿನ್ ಕೈ ಬರೀ ಹೊಗೆ." ಚಿಕ್ಕವ್ವ ಒಂದು ದಿನವೂ ಎದುರಾಡಲಿಲ್ಲ. "ಹೌದು ಕಣವ್ವ, ನಿಮ್ಮವ್ವನ ಕೈ ಹಂಗೇಯ. ಜ್ವರ ಬಂದಾಗ ಅವ್ಳೇ ಕೂತಿದ್ಲು ನಿನ್ ತಾವ. ಹಸ್ರು ಬಳೆ ಹಾಕ್ತಿದ್ಲು" ಎನ್ನುತ್ತಿದ್ದಳು. ಬಳೆ ನಾನು ಕಂಡದ್ದೋ ಅವಳು ತೊಡಿಸಿದ್ದೋ, ಇಂದಿಗೂ ನನಗೆ ಅನುಮಾನವಿದೆ.

ಮುಂದೆ ಓದಿ, ಮೈಸೂರಿನಲ್ಲಿ ಶಿಕ್ಷಕರಾಗುವವರಿಗೆ ಮನಶ್ಶಾಸ್ತ್ರ ಕಲಿಸುವವಳಾದೆ. ನೆನಪು ಭರಣಿಯಲ್ಲಿ ಹಾಕಿಟ್ಟ ಉಪ್ಪಿನಕಾಯಿಯಲ್ಲ, ಬೇಕೆಂದಾಗಲೆಲ್ಲ ಹೊಸದಾಗಿ ಮಾಡುವ ಸಾರು ಎಂದು ಪಾಠ ಹೇಳುತ್ತಿದ್ದೆ. ಕಂಡದ್ದು, ಕೇಳಿದ್ದು, ಹೀಗಿದ್ದಿದ್ದರೆ ಎಂದು ಆಸೆಪಟ್ಟದ್ದು ಎಲ್ಲ ಅದರಲ್ಲಿ ಬೆರೆಯುತ್ತವೆ. ಖಚಿತವಾಗಿ ನೆನಪಿದೆ ಎಂದು ಆಣೆ ಇಟ್ಟ ಮಾತ್ರಕ್ಕೆ ಅದು ನಡೆದದ್ದೆಂದು ಆಗುವುದಿಲ್ಲ. "ಹಾಗಾದರೆ ನಿಮ್ಮ ನೆನಪೂ ಸುಳ್ಳಿರಬಹುದಲ್ಲ?" ಎಂದು ಒಬ್ಬಳು ವಿದ್ಯಾರ್ಥಿನಿ ಕೇಳಿದಾಗ, ಇರಬಹುದು ಎಂದು ನಕ್ಕೆ. ನಗುತ್ತಲೇ ಆ ಒಂದು ಕೈಯನ್ನು ಮಾತ್ರ ಸೆರಗಿನಡಿ ಬಚ್ಚಿಟ್ಟುಕೊಂಡಿದ್ದೆ.

ಒಂದು ರಜೆಯಲ್ಲಿ ಊರಿಗೆ ಹೋದಾಗ ಗೂಡಿನ ಗೋಡೆ ಬಿದ್ದಿತ್ತು. ಅಪ್ಪಯ್ಯ ಆಗಲೇ ಇರಲಿಲ್ಲ. ಅವರ ಅಣ್ಣ, ನನ್ನ ದೊಡ್ಡಪ್ಪ, ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಾ ಅಂದರು, "ನಿಮ್ಮವ್ವ ಹೋದ್ ಮಾರ್ನೆ ವರ್ಷ ನಾನೂ ನಿಮ್ಮಪ್ಪನೂ ಕಟ್ಟಿಸಿದ್ ಗೂಡು. ಮಲೆ ಸಿಕ್ಕಿದ್ದೇ ಆವಾಗ." "ಅವ್ವ ಏಲಕ್ಕಿ ತಿಕ್ತಿರ್ಲಿಲ್ವಾ ದೊಡ್ಡಪ್ಪ?" ಎಂದೆ. "ಎಲ್ಲಿಂದ ತಿಕ್ಕೋದು? ನಮಗೆ ಇದ್ದಿದ್ದು ಬರೀ ಗದ್ದೆ. ಅವ್ಳು ಏಲಕ್ಕಿ ಕಂಡಿದ್ದು ಹಬ್ಬದ್ ಪಾಯ್ಸದಲ್ಲಿ, ಅಷ್ಟೆಯ." ಮುದುಕರಿಗೆ ಮರೆವು ಎಂದು ಅವರನ್ನೂ ಅನುಮಾನಿಸಿ ನೆರೆಮನೆಯ ಅಜ್ಜಿಯ ಹತ್ತಿರ ಹೋದೆ. ಅವರೂ ಅದನ್ನೇ ಹೇಳಿದರು.

ಅಡುಗೆಮನೆಯಲ್ಲಿ ಚಿಕ್ಕವ್ವ ಮನೆ ಖರ್ಚಿನ ಒಂದಿಷ್ಟು ಏಲಕ್ಕಿಯನ್ನು ಮೊರದಲ್ಲಿ ಹಾಕಿಕೊಂಡು ತಿಕ್ಕುತ್ತಿದ್ದಳು. ಬಳೆಯಿಲ್ಲದ ಕೈ ಬೋಳಾಗಿತ್ತು.

"ಚಿಕ್ಕವ್ವ, ನಂಗೆ ಜ್ವರ ಬಂದಾಗ ಹತ್ರ ಕೂತಿದ್ದೋಳು ಯಾರು?"

"ನಿಮ್ಮವ್ವ."

"ಅವಳಿದ್ದಾಗ ನಮ್ಮನೇಲಿ ಏಲಕ್ಕೀನೇ ಇರ್ಲಿಲ್ವಂತೆ."

ತಿಕ್ಕುವ ಕೈ ನಿಂತಿತು. ತಲೆ ಎತ್ತಲಿಲ್ಲ. "ದೊಡ್ಡಪ್ಪಂಗೆ ವಯಸ್ಸಾತು. ಯಾವ್ದು ಹಿಂದೆ, ಯಾವ್ದು ಮುಂದೆ, ಅವ್ರಿಗೇನ್ ಗೊತ್ತು?" ಎಂದಳು. "ನಿಂಗೇ ನೆನಪೈತಲ್ಲ. ಅವ್ವಂದು ಅಂತ ಇರೋದೊಂದು. ಯಾಕ್ ಕೆದುಕ್ತೀಯ, ಇರ್ಲಿ ಬುಡು" ಎಂದು ಮತ್ತೆ ತಿಕ್ಕತೊಡಗಿದಳು. ನನಗೆ ಅಳು ಬಂತು. ಎರಡನೆಯ ಸಲ ಸತ್ತ ಅವ್ವನಿಗಾಗಿ ಅತ್ತೆನೋ, ಎದುರಿಗೆ ಕೂತವಳಿಗಾಗಿ ಅತ್ತೆನೋ ಹೇಳಲಾರೆ.

ಚಿಕ್ಕವ್ವ ಹೋಗಿ ಬಹಳ ಕಾಲವಾಯಿತು. ಆಸ್ತಿ ಪಾಲಾಗಿ ಮನೆಯ ಹೆಂಚು ಇಳಿಸಿದರು, ಗೂಡಿದ್ದ ಜಾಗದಲ್ಲಿ ಲಂಟಾನ ಬೆಳೆದಿದೆ. ಈಗ ಆ ಕೈಯ ಜೊತೆ ಮುಖವೂ ಕಾಣುತ್ತದೆ, ಚಿಕ್ಕವ್ವನ ಮುಖ. ಅಷ್ಟು ವರ್ಷ ಕಾಣದ ಮುಖ ಇಷ್ಟು ಸಲೀಸಾಗಿ ಬಂದು ಕೂತದ್ದನ್ನು ನಾನು ನಂಬುವುದಿಲ್ಲ. ಇದೂ ನನ್ನ ಮನಸ್ಸು ಆಮೇಲೆ ಬೇಯಿಸಿದ್ದಿರಬೇಕು. ಆದರೆ ಅಂದು ಆ ಕೈ ತನ್ನದೆಂದು ಹೇಳಿಕೊಳ್ಳಲು ಅವಳಿಗೆ ಒಂದು ಮಾತು ಸಾಕಿತ್ತು, ಅವಳು ಹೇಳಲಿಲ್ಲ. ಅದನ್ನು ಮಾತ್ರ ನಾನು ಅನುಮಾನಿಸಲಾರೆ. ಕುಟ್ಟಿದ ಏಲಕ್ಕಿಯನ್ನು ಪಾಯಸಕ್ಕೆ ಹಾಕಿ, ಬೆರಳನ್ನು ಒಮ್ಮೆ ಮೂಸಿ, ಯಾರಿಗೂ ಕೇಳಿಸದ ಹಾಗೆ "ಅವ್ವ" ಎನ್ನುತ್ತೇನೆ. ಇಬ್ಬರಲ್ಲಿ ಯಾರನ್ನು ಕರೆದೆನೆಂದು ವಿಚಾರಿಸಲು ಹೋಗುವುದಿಲ್ಲ.