ಕಾಲಡಿಯಲ್ಲಿ ನಡುಗಿದ ಬ್ರೇಕು

ಕಾರು ಕೊಳ್ಳಲು ಹೊರಟಾಗ ಕಾರುಗಳ ಬಗ್ಗೆ ನನಗೆ ಗೊತ್ತಿದ್ದದ್ದು ಎರಡೇ: ಬಣ್ಣ ಮತ್ತು ಹಾಡು. ಇದನ್ನು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು ಅವು. ಇಂದಿರಾನಗರದ ಶೋರೂಮಿನಲ್ಲಿ ಟೈ ಕಟ್ಟಿದ್ದ ಯುವಕ ಒಂದೇ ಬೆಲೆಗೆ ಎರಡು ಕಾರು ತೋರಿಸಿದ. ಒಂದರಲ್ಲಿ ಥಳಥಳ ಹೊಳೆಯುವ ಅಲಾಯ್ ಚಕ್ರ, ಆರು ಸಿಡಿ ನುಂಗುವ ಪ್ಲೇಯರು. ಇನ್ನೊಂದರಲ್ಲಿ ಎಬಿಎಸ್.

“ಅದೆಲ್ಲಪ್ಪಾ ಇದೆ?” ಎಂದೆ.

“ಕಾಣಲ್ಲ ಸಾರ್, ಒಳಗಿರತ್ತೆ. ಜೋರಾಗಿ ಬ್ರೇಕ್ ಹಾಕಿದ್ರೂ ವೀಲ್ ಲಾಕ್ ಆಗಲ್ಲ, ಗಾಡಿ ಸ್ಕಿಡ್ ಆಗಲ್ಲ.”

ಕಣ್ಣಿಗೆ ಕಾಣದ್ದಕ್ಕೆ ದುಡ್ಡು ಹಾಕುವುದು ದೇವಸ್ಥಾನದ ಹುಂಡಿಯಲ್ಲಿ ಮಾತ್ರ ಎಂದು ನಂಬಿದ್ದವನು ನಾನು. ಆದರೆ ನನ್ನ ಹೆಂಡತಿ ಸುಮಿತ್ರ, “ಹಾಡು ಮನೇಲೂ ಕೇಳ್ಬಹುದು ರೀ. ಮೊದ್ಲು ಮನೆ ಸೇರ್ಬೇಕಲ್ಲ?” ಎಂದಳು. ಕಾಣದ್ದನ್ನೇ ಕೊಂಡು, ಮೂರು ದಿನ ಮುಖ ಊದಿಸಿಕೊಂಡು ತಿರುಗಿದೆ.

ತಪ್ಪು ನನ್ನೊಬ್ಬನದೇ ಅಲ್ಲವೇನೋ. ನಮ್ಮ ಪುರಾಣಗಳಲ್ಲಿ ರಥದ ಕುದುರೆ, ಧ್ವಜ, ಗಂಟೆ, ಗಾಲಿಯ ಸದ್ದು ಎಲ್ಲದರ ವರ್ಣನೆಯೂ ಉಂಟು. ಅಷ್ಟು ವೇಗದ ರಥವನ್ನು ನಿಲ್ಲಿಸುವುದು ಹೇಗೆಂದು ವಿವರಿಸಿದ ಪುರಾಣಿಕರನ್ನು ನಾನಂತೂ ಕಾಣೆ. ಓಡುವುದಕ್ಕಿರುವ ಮರ್ಯಾದೆ ನಿಲ್ಲುವುದಕ್ಕಿಲ್ಲ.

ನನಗೆ ಡ್ರೈವಿಂಗ್ ಕಲಿಸಿದವರು ದೊಮ್ಮಲೂರಿನ ಸೋದರಮಾವ. ದೊಮ್ಮಲೂರು ಇನ್ನೂ ಹಳ್ಳಿಯಾಗಿದ್ದಾಗ ಎತ್ತಿನ ಗಾಡಿ ಹೊಡೆದವರು, ಆಮೇಲೆ ಮೂವತ್ತು ವರ್ಷ ಕಾರ್ಖಾನೆಯೊಂದರ ಬಸ್ಸು ಓಡಿಸಿದವರು. ಅವರದು ಒಂದೇ ಪಾಠ: “ಒದ್ದೆ ರೋಡಲ್ಲಿ ಬ್ರೇಕ್ ಮೇಲೆ ನಿಂತ್ಕೋಬೇಡ ಅಳಿಯ. ಒತ್ತು, ಬಿಡು. ಒತ್ತು, ಬಿಡು.” ಹಲಸೂರಿನಲ್ಲಿ ಗಾಡಿ ಪೂಜೆ ಮಾಡಿಸಿದ ದಿನ ಎಬಿಎಸ್ ಸುದ್ದಿ ಕೇಳಿ ನಕ್ಕುಬಿಟ್ಟರು. ನಾಲ್ಕು ಚಕ್ರಗಳ ಕೆಳಗೆ ತಾವೇ ನಿಂಬೆಹಣ್ಣು ಇಟ್ಟು, “ನಮ್ಮ ಎಬಿಎಸ್ ಇದು” ಎಂದರು. ನಾಲ್ಕೂ ಚೆನ್ನಾಗಿಯೇ ಅಪ್ಪಚ್ಚಿಯಾದವು.

ವಾರ ಕಳೆದಿತ್ತು. ಕೆ.ಆರ್. ಪುರದಿಂದ ನಾನೂ ಸುಮಿತ್ರಳೂ ವಾಪಸಾಗುತ್ತಿದ್ದೆವು. ಆಗಷ್ಟೇ ಮಳೆ ಹನಿದು ರಸ್ತೆ ಜಾರುತ್ತಿತ್ತು. ಮರ್ಫಿ ಟೌನ್ ಹತ್ತಿರ ತಲೆಯ ಮೇಲೆ ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಇದ್ದಕ್ಕಿದ್ದಂತೆ ರಸ್ತೆಗಿಳಿದಳು. ಬ್ರೇಕ್ ಒತ್ತಿದೆ. ಪೆಡಲು ಕಾಲಡಿಯಲ್ಲಿ ಗರಗರ ನಡುಗಿತು. ಬ್ರೇಕೇ ಮುರಿಯಿತೆಂದು ಹೆದರಿ, ಮಾವನ ಪಾಠದಂತೆ ಕಾಲೆತ್ತಿಬಿಟ್ಟೆ. ಕಾರು ಮುಂದಕ್ಕೆ ಹೋಯಿತು.

“ಬಿಡ್ಬೇಡಿ, ಒತ್ತಿ! ಒತ್ಕೊಂಡೇ ಇರಿ!” ಸುಮಿತ್ರ ಕಿರುಚಿದಳು.

ಒತ್ತಿದೆ. ಮತ್ತೆ ನಡುಗಿತು, ಆದರೆ ಕಾರು ನಿಂತಿತು. ಬುಟ್ಟಿಗೂ ಬಾನೆಟ್ಟಿಗೂ ಮೊಳದಷ್ಟು ಜಾಗ.

“ಮೆತ್ತಗೆ ಬರಕ್ಕಾಗಲ್ವಾ ಸಾರ್? ಮನೇಲಿ ಮಕ್ಳವ್ರೆ ನಂಗೆ!” ಎಂದು ಬೈದು ಆಕೆ ದಾಟಿ ಹೋದಳು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಬೈಗುಳ ಕೇಳಿಲ್ಲ.

ನಾನು ಮುಖ ಊದಿಸಿಕೊಂಡಿದ್ದ ಆ ಮೂರು ದಿನಗಳಲ್ಲಿ ಸುಮಿತ್ರ ಕಾರಿನ ಜೊತೆ ಬಂದ ದಪ್ಪ ಪುಸ್ತಕವನ್ನು ಓದಿ ಮುಗಿಸಿದ್ದಳು. ಪೆಡಲು ನಡುಗಿದರೆ ಹೆದರಬೇಡಿ, ಕಾಲು ತೆಗೆಯಬೇಡಿ ಎಂದು ಅದರಲ್ಲಿತ್ತಂತೆ. ನಾನು ಓದಿದ್ದು ರೇಡಿಯೋ ಹಚ್ಚುವ ಪುಟ ಒಂದೇ.

ಇಂಥ ಸುರಕ್ಷತೆಗೆ ಎಷ್ಟು ಬೆಲೆ ಕೊಡಬೇಕೆಂದು ಈಗ ಗೆಳೆಯರು ಕೇಳುತ್ತಾರೆ. ಹೊಳೆಯುವ ಚಕ್ರಕ್ಕಿಂತ ಮೊದಲು ಅದನ್ನೇ ಕೊಳ್ಳಿ, ಆದರೆ ಕೊಂಡ ಮೇಲೆ ಕಾಲಿಗೂ ಅದರ ಪರಿಚಯ ಮಾಡಿಸಿ ಎನ್ನುತ್ತೇನೆ. ಏರ್‌ಬ್ಯಾಗ್ ಇದೆಯಲ್ಲ ಎಂದು ಸೀಟ್ ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ ಕೂರುವ ಮಹಾನುಭಾವರನ್ನೂ ನೋಡಿದ್ದೇನೆ.

ಹೂವಿನ ಬುಟ್ಟಿಯ ಆ ಘಟನೆ ನಡೆದ ಮರು ಭಾನುವಾರವೇ ಮಾವನನ್ನು ಒದ್ದೆಯಾಗಿದ್ದ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ ಸ್ಟೀರಿಂಗ್ ಕೊಟ್ಟೆ. ಎಪ್ಪತ್ತರ ಮುದುಕರು ಮೊದಲ ಸಲ ಅಭ್ಯಾಸಬಲದಿಂದ ಒತ್ತಿ ಬಿಟ್ಟರು. ಎರಡನೇ ಸಲ ಹಲ್ಲು ಕಚ್ಚಿ ಒತ್ತಿಯೇ ಹಿಡಿದರು. ಗರಗರ ಎಂದು ಕಾರು ನೆಟ್ಟಗೆ ನಿಂತಿತು. ಮಾವ ಬಗ್ಗಿ ಪೆಡಲನ್ನೊಮ್ಮೆ ನೋಡಿದರು.

“ಒತ್ತು ಬಿಡು, ಒತ್ತು ಬಿಡು. ನನ್ನ ಕಾಲಿನ ಕೆಲ್ಸ ಎಲ್ಲಾ ಇದೇ ಕಲ್ತ್ಬಿಟ್ಟಿದೆ ಕಣೋ” ಎಂದು ನಕ್ಕರು. “ಒಳ್ಳೇದಾಯ್ತು ಬಿಡು. ಇನ್ಮೇಲೆ ರೋಡ್ ನೋಡೋದೊಂದೇ ಕೆಲ್ಸ ನಮ್ಗೆ.”